ಸಂಪಿನ ಕೋಲು, ಕಾವೇರಿಯ ಲೆಕ್ಕ

ನಮ್ಮ ಮನೆಯ ಸಂಪಿನ ಪಕ್ಕದಲ್ಲಿ ಒಂದು ಬಿದಿರು ಕೋಲು ಒರಗಿಸಿಟ್ಟಿದ್ದೇವೆ. ಅದರ ಮೇಲೆ ಅಮ್ಮ ಕೆಂಪು ಬಣ್ಣದಲ್ಲಿ ಮೂರು ಗೆರೆ ಎಳೆದಿದ್ದಾರೆ. ಮೇಲಿನ ಗೆರೆಯವರೆಗೆ ಕೋಲು ಒದ್ದೆಯಾದರೆ ಬಟ್ಟೆ ಒಗೆಯಬಹುದು, ಗಿಡಗಳಿಗೂ ಹಾಕಬಹುದು. ನಡುವಿನ ಗೆರೆಗೆ ಇಳಿದರೆ ಗಿಡಗಳಿಗೆ ಅಕ್ಕಿ ತೊಳೆದ ನೀರು ಮಾತ್ರ. ಕೆಳಗಿನ ಗೆರೆ ಮುಟ್ಟಿದರೆ ಟ್ಯಾಂಕರ್‌ನವರಿಗೆ ಫೋನು. ನಮ್ಮ ಬೀದಿಗೆ ನೀರು ಬಿಡುವುದು ದಿನ ಬಿಟ್ಟು ದಿನ. ವಾಲ್ವ್ ತಿರುಗಿಸುವವರು ಉದ್ದನೆಯ ಕಬ್ಬಿಣದ ಕೀಲಿಯನ್ನು ಹೆಗಲ ಮೇಲಿಟ್ಟುಕೊಂಡು ಬೆಳಗಿನ ಜಾವ ಬರುತ್ತಾರೆ. ಅವರು ಬಾರದ ದಿನ ಮನೆಯವರೆಲ್ಲ ಸರದಿಯಲ್ಲಿ ಆ ಕೋಲನ್ನು ಸಂಪಿಗೆ ಇಳಿಸಿ ನೋಡುತ್ತೇವೆ.

ಒಂದು ಕೋಟಿಗೂ ಹೆಚ್ಚು ಜನರಿರುವ ಬೆಂಗಳೂರಿಗೂ ಇರುವುದು ಇದೇ ಲೆಕ್ಕ. ದಿನಕ್ಕೆ ಎಷ್ಟು ಬೇಕು, ಎಲ್ಲಿಂದ ಎಷ್ಟು ಬರುತ್ತದೆ, ಎಷ್ಟು ಕೂಡಿಡಬೇಕು, ಕಡಿಮೆಯಾದರೆ ಮೊದಲು ಯಾವುದನ್ನು ಬಿಡಬೇಕು. ವ್ಯತ್ಯಾಸವಿಷ್ಟೇ: ನಾವು ಎರಡು ದಿನ ಮುಂದೆ ನೋಡಿದರೆ ಸಾಕು, ನಗರ ಮೂವತ್ತು ವರ್ಷ ಮುಂದೆ ನೋಡಬೇಕು. ಇನ್ನೊಂದು ವ್ಯತ್ಯಾಸವೂ ಇದೆ. ನಮ್ಮ ಕೋಲು ಇಡೀ ಸಂಪನ್ನು ಅಳೆಯುತ್ತದೆ. ನಗರದ ಕೋಲು ಅದರ ಸಂಪಿನ ಅರ್ಧವನ್ನಷ್ಟೇ ಮುಟ್ಟುತ್ತದೆ.

ಬೆಂಗಳೂರು ದಿಬ್ಬದ ಬೆನ್ನಿನ ಮೇಲೆ ಕೂತ ಊರು. ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರ. ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಯ ಕಡೆಗೆ ಹೋದರೆ ಪೂರ್ವಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ವರ್ಷವಿಡೀ ಹರಿಯುವ ನದಿ ಊರಿನ ಹತ್ತಿರ ಎಲ್ಲೂ ಇಲ್ಲ. ಹಾಗಾಗಿ ಹಿಂದಿನವರು ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಕೆರೆಗಳ ಸಾಲು ಕಟ್ಟಿದರು. ಜನ ಕುಡಿಯುತ್ತಿದ್ದ ಧರ್ಮಾಂಬುಧಿ ಕೆರೆ ಇಂದು ಕೆಂಪೇಗೌಡ ಬಸ್ ನಿಲ್ದಾಣ, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣ. ಕೆರೆಗಳು ಸಾಲದಾದಾಗ ಅರ್ಕಾವತಿಯ ಕಡೆ ನೋಡಿದರು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1896ರಲ್ಲಿ, ಹೆಸರಘಟ್ಟದಿಂದ ಪೈಪಿನಲ್ಲಿ ನೀರು ಬಂತು. ಅದೂ ಸಾಲದೆ 1933ರಲ್ಲಿ ಅರ್ಕಾವತಿ ಮತ್ತು ಕುಮುದ್ವತಿ ಕೂಡುವಲ್ಲಿ, ತಿಪ್ಪಗೊಂಡನಹಳ್ಳಿಯಲ್ಲಿ, ಅಣೆಕಟ್ಟು ಎದ್ದಿತು.

ತಿಪ್ಪಗೊಂಡನಹಳ್ಳಿಯ ಕಥೆಯನ್ನು ನೀರಿನ ಯೋಜನೆ ಮಾಡುವವರೆಲ್ಲ ಒಮ್ಮೆ ಓದಬೇಕು. ಅಣೆಕಟ್ಟು ಇವತ್ತಿಗೂ ಗಟ್ಟಿಯಾಗಿದೆ. ಕೈಕೊಟ್ಟದ್ದು ನದಿ. ಮಳೆ ಹೇಳಿಕೊಳ್ಳುವಷ್ಟು ಕಡಿಮೆಯಾಗಿರಲಿಲ್ಲ. ಆದರೆ ಜಲಾನಯನ ಪ್ರದೇಶದ ತುಂಬ ನೀಲಗಿರಿ ತೋಪುಗಳು ಎದ್ದವು, ಸಾವಿರಾರು ಕೊಳವೆಬಾವಿಗಳು ಬಿದ್ದವು. ನೆಲದಡಿಯ ನೀರು ಇಳಿದಂತೆ ಹೊಳೆಗೆ ಒಸರುತ್ತಿದ್ದ ಸೆಲೆ ನಿಂತುಹೋಯಿತು. 1990ರ ದಶಕದಿಂದ ಒಳಹರಿವು ಕುಗ್ಗುತ್ತ ಬಂದು, 2010ರ ದಶಕದ ಆರಂಭದ ಹೊತ್ತಿಗೆ ನಗರಕ್ಕೆ ಅಲ್ಲಿಂದ ನೀರು ಬರುವುದೇ ನಿಂತಿತು. ಎಂಜಿನಿಯರುಗಳು ಕಟ್ಟೆಯ ಆಯುಸ್ಸನ್ನು ಲೆಕ್ಕ ಹಾಕಿದ್ದರು. ಹೊಳೆಗೂ ಆಯುಸ್ಸು ಇದೆ ಎಂದು ಯಾರೂ ಅಂದುಕೊಂಡಿರಲಿಲ್ಲ.

ಈಗ ಲೆಕ್ಕದ ಮೊದಲ ಸಾಲು, ಅಂದರೆ ಬೇಡಿಕೆ. ಒಳಚರಂಡಿ ಇರುವ ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ನಮ್ಮ ದೇಶದಲ್ಲಿ ಬಳಕೆಯಲ್ಲಿರುವ ಅಳತೆ. ಅದನ್ನು ಮೂವತ್ತು ವರ್ಷದ ನಂತರದ ಜನಸಂಖ್ಯೆಯಿಂದ ಗುಣಿಸಿ, ಕೈಗಾರಿಕೆ, ಆಸ್ಪತ್ರೆ, ಹೋಟೆಲುಗಳಿಗೆ ಒಂದಿಷ್ಟು ಸೇರಿಸಿ, ದಾರಿಯಲ್ಲಿ ಸೋರುವುದಕ್ಕೆ ಮತ್ತಷ್ಟು ಕೂಡಿಸಬೇಕು. ಮೂವತ್ತು ವರ್ಷವೇ ಏಕೆ? ಭೂಮಿ ಅಗೆದು ಹೂತ ಪೈಪನ್ನು ಪದೇ ಪದೇ ಕಿತ್ತು ದೊಡ್ಡದು ಹಾಕಲು ಆಗುವುದಿಲ್ಲ, ಅದಕ್ಕೆ. ಪಂಪುಗಳನ್ನು ಹದಿನೈದು ವರ್ಷಕ್ಕೆ ಲೆಕ್ಕ ಹಾಕುತ್ತಾರೆ, ಏಕೆಂದರೆ ಅವು ಸವೆಯುತ್ತವೆ, ಬದಲಿಸುವುದೂ ಸುಲಭ. ಅಣೆಕಟ್ಟಿಗೆ ಐವತ್ತು. ಒಂದೇ ಯೋಜನೆಯೊಳಗೆ ಬೇರೆ ಬೇರೆ ವಯಸ್ಸಿನ ಅಂಗಗಳಿರುತ್ತವೆ.

ಕಷ್ಟವಿರುವುದು ಜನಸಂಖ್ಯೆಯ ಅಂದಾಜಿನಲ್ಲಿ. ಬೆಂಗಳೂರಿನಲ್ಲಿ 1991ರಲ್ಲಿ ಸುಮಾರು 41 ಲಕ್ಷ ಜನರಿದ್ದರು, 2001ರಲ್ಲಿ 57 ಲಕ್ಷ, 2011ರಲ್ಲಿ 85 ಲಕ್ಷ. 2021ರಲ್ಲಿ ಜನಗಣತಿಯೇ ನಡೆಯಲಿಲ್ಲ. ಅಲ್ಲಿಂದೀಚೆಗೆ ಈ ನಗರದ ನೀರಿನ ಲೆಕ್ಕವೆಲ್ಲ ಹಳೆಯ ಗೆರೆಯನ್ನು ಮುಂದಕ್ಕೆ ಎಳೆದು ಮಾಡಿದ್ದು. ನಗರವಂತೂ ಗೆರೆಯ ಮೇಲೆ ಬೆಳೆಯುವುದಿಲ್ಲ. ಐಟಿ ಪಾರ್ಕ್ ಒಂದು ಎಲ್ಲಿ ಬರುತ್ತದೋ ಅಲ್ಲಿ ಬೆಳೆಯುತ್ತದೆ. 2007ರಲ್ಲಿ ಸುತ್ತಲಿನ 110 ಹಳ್ಳಿಗಳನ್ನು ಒಂದೇ ಆದೇಶದಲ್ಲಿ ಪಾಲಿಕೆಗೆ ಸೇರಿಸಿಕೊಳ್ಳಲಾಯಿತು. ಆ ಹಳ್ಳಿಗಳಿಗೆಂದೇ ರೂಪಿಸಿದ, ಕಾವೇರಿ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ನಡುವಿನ ಹದಿನೇಳು ವರ್ಷಗಳಲ್ಲಿ ಬಂದು ನೆಲೆಸಿದವರು ಸುಮ್ಮನೆ ಕಾದು ಕೂರಲಿಲ್ಲ, ಬೋರ್ ಕೊರೆಸಿದರು. ಬಾಯಾರಿದಾಗ ಬಾವಿ ತೋಡುವುದು ಎಂಬ ಗಾದೆ ಇಲ್ಲಿ ಅಕ್ಷರಶಃ ನಡೆಯಿತು.

ಎರಡನೇ ಸಾಲು, ಬರುವ ನೀರು. ಕೃಷ್ಣರಾಜಸಾಗರ ಮತ್ತು ಕಬಿನಿಯಿಂದ ಬಿಟ್ಟ ನೀರು ನದಿಯಲ್ಲೇ ಹರಿದು ಶಿವನಸಮುದ್ರದ ಬಳಿಯ ಶಿವಾ ಅಣೆಕಟ್ಟೆ ತಲುಪುತ್ತದೆ. ಅಲ್ಲಿಂದ ನೆಟ್ಕಲ್ ಜಲಾಶಯ, ಬಳಿಕ ತೊರೆಕಾಡನಹಳ್ಳಿ. ಜಲಮಂಡಳಿಯವರ ಬಾಯಲ್ಲಿ ಇದು ‘ಟಿ.ಕೆ. ಹಳ್ಳಿ’. ಅಲ್ಲಿ ಶುದ್ಧೀಕರಿಸಿದ ನೀರನ್ನು ಟಿ.ಕೆ. ಹಳ್ಳಿ, ಹಾರೋಹಳ್ಳಿ, ತಾತಗುಣಿ ಹೀಗೆ ಮೂರು ಕಡೆ ಪಂಪು ಮಾಡಿ, ಸುಮಾರು ನೂರು ಕಿಲೋಮೀಟರ್ ದೂರಕ್ಕೆ, ಹತ್ತಿರಹತ್ತಿರ ಅರ್ಧ ಕಿಲೋಮೀಟರ್ ಎತ್ತರಕ್ಕೆ ಏರಿಸುತ್ತಾರೆ. ಮೊದಲ ಹಂತ 1974ರಲ್ಲಿ. ಆಮೇಲೆ 1982, 1993, ನಾಲ್ಕನೆಯದು ಎರಡು ಕಂತಿನಲ್ಲಿ, 2002 ಮತ್ತು 2012ರಲ್ಲಿ. ಇಷ್ಟೂ ಸೇರಿ ದಿನಕ್ಕೆ ಸುಮಾರು 1,450 ಎಂಎಲ್‌ಡಿ, ಎಂದರೆ 145 ಕೋಟಿ ಲೀಟರ್. ಐದನೇ ಹಂತ ಇದಕ್ಕೆ 775 ಎಂಎಲ್‌ಡಿ ಸೇರಿಸಿತು.

ಪತ್ರಿಕೆಗಳು ಒಂದು ಕಡೆ ಟಿಎಂಸಿ, ಇನ್ನೊಂದು ಕಡೆ ಎಂಎಲ್‌ಡಿ ಎಂದು ಬರೆದು ಓದುಗರನ್ನು ಗೊಂದಲಕ್ಕೆ ನೂಕುತ್ತವೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕೋಣ. ಒಂದು ಟಿಎಂಸಿ ಎಂದರೆ ಸುಮಾರು 2,832 ಕೋಟಿ ಲೀಟರ್. ಐದೂ ಹಂತಗಳು ಪೂರ್ತಿ ಓಡಿದರೆ ಬೆಂಗಳೂರು ಅದನ್ನು ಹದಿಮೂರು ದಿನದೊಳಗೆ ಖಾಲಿ ಮಾಡುತ್ತದೆ. ವರ್ಷಕ್ಕೆ ಹತ್ತಿರಹತ್ತಿರ 29 ಟಿಎಂಸಿ. ತುಂಬಿದ ಕೆಆರ್‌ಎಸ್‌ನ ಸಾಮರ್ಥ್ಯ 49.45 ಟಿಎಂಸಿ. ಕನ್ನಂಬಾಡಿ ಕಟ್ಟೆಯ ಅರ್ಧಕ್ಕಿಂತ ಹೆಚ್ಚು ನೀರನ್ನು ಈ ಒಂದೇ ಊರು ವರ್ಷವೊಂದಕ್ಕೆ ಬಳಸುತ್ತದೆ.

ಇದರ ವಿದ್ಯುತ್ ಖರ್ಚನ್ನೂ ಶಾಲೆಯಲ್ಲಿ ಕಲಿತ ಭೌತವಿಜ್ಞಾನದಿಂದಲೇ ಅಂದಾಜು ಮಾಡಬಹುದು. ಸಾವಿರ ಲೀಟರ್ ನೀರನ್ನು 500 ಮೀಟರ್ ಎತ್ತಲು ಏನಿಲ್ಲವೆಂದರೂ 1.4 ಯೂನಿಟ್ ಬೇಕು. ಪಂಪಿನ ನಷ್ಟ, ಪೈಪಿನ ಘರ್ಷಣೆ ಸೇರಿದರೆ ಎರಡರ ಹತ್ತಿರ ಹೋಗುತ್ತದೆ. 2014ರಿಂದ 2025ರ ಏಪ್ರಿಲ್‌ವರೆಗೆ ಮನೆಬಳಕೆಯ ಮೊದಲ ಎಂಟು ಸಾವಿರ ಲೀಟರಿಗೆ ಇದ್ದ ದರ, ಸಾವಿರ ಲೀಟರಿಗೆ ಏಳು ರೂಪಾಯಿ. ಎರಡು ಯೂನಿಟ್ ಕರೆಂಟಿಗೂ ಅದು ಸಾಲದು. ದರ ಏರಿಸಿದಾಗ ಗೊಣಗಿದವರಲ್ಲಿ ನಾನೂ ಒಬ್ಬ. ಈ ಲೆಕ್ಕ ಹಾಕಿದ ಮೇಲೆ ಸ್ವಲ್ಪ ಮೆತ್ತಗಾದೆ.

ಆದರೆ ಸಾಮರ್ಥ್ಯವೇ ಬೇರೆ, ಭರವಸೆಯೇ ಬೇರೆ. ನದಿಯೊಂದು ಪ್ರತಿ ವರ್ಷ ಒಂದೇ ಅಳತೆಯಲ್ಲಿ ಹರಿಯುವುದಿಲ್ಲ. ಕಾವೇರಿ ನ್ಯಾಯಮಂಡಳಿ 2007ರ ಅಂತಿಮ ತೀರ್ಪಿನಲ್ಲಿ ಇಡೀ ಕಣಿವೆಯ ನೀರು 740 ಟಿಎಂಸಿ ಎಂದು ಹಿಡಿದದ್ದು ಶೇ 50ರ ಭರವಸೆಯ ಮೇಲೆ. ಅಂದರೆ ನೂರು ವರ್ಷಗಳಲ್ಲಿ ಐವತ್ತು ವರ್ಷ ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಸಿಗುತ್ತದೆ, ಉಳಿದ ಐವತ್ತು ವರ್ಷ ಕಡಿಮೆ. ಹೊಲಕ್ಕೆ ಈ ಲೆಕ್ಕ ಹೇಗೋ ನಡೆದೀತು. ಒಂದು ವರ್ಷ ಭತ್ತದ ಬದಲು ರಾಗಿ ಬಿತ್ತಬಹುದು, ನಷ್ಟವಾದರೂ ಬದುಕು ಮುಂದೆ ಸಾಗುತ್ತದೆ. ಕುಡಿಯುವ ನೀರಿಗೆ ಆ ಮಾತು ಸಲ್ಲದು. ಅದಕ್ಕೇ ನಗರದ ಯೋಜನೆ ಸರಾಸರಿ ವರ್ಷವನ್ನು ಬಿಟ್ಟು, ದಾಖಲೆಯಲ್ಲಿರುವ ಅತಿ ಕೆಟ್ಟ ವರ್ಷವನ್ನು ಹಿಡಿದು ಕೂರಬೇಕು. ಆ ವರ್ಷದಲ್ಲಿ ಕುಡಿಯುವ ನೀರಿಗೇ ಮೊದಲ ಆದ್ಯತೆ ಎಂಬುದು ನೀತಿ. ಹಾಗೆಂದರೆ ಕೆಟ್ಟ ವರ್ಷದಲ್ಲಿ ಬೆಂಗಳೂರಿನ ನಲ್ಲಿಯ ಭರವಸೆಯನ್ನು ಕಾಯುವುದು ಮಂಡ್ಯದ ಒಣಗಿದ ನಾಲೆ. ಯೋಜನಾ ವರದಿಗಳಲ್ಲಿ ಈ ವಾಕ್ಯ ಇರುವುದಿಲ್ಲ, ಆದರೆ ವ್ಯವಸ್ಥೆ ನಿಂತಿರುವುದು ಅದರ ಮೇಲೆಯೇ.

2023ರಲ್ಲಿ ಮುಂಗಾರು ಕೈಕೊಟ್ಟಿತು. 2024ರ ಮಾರ್ಚ್‌ನಲ್ಲಿ ಬೆಂಗಳೂರು ದೇಶದ ಸುದ್ದಿಯಾಯಿತು. ಅಪಾರ್ಟ್‌ಮೆಂಟುಗಳಲ್ಲಿ ಬಟ್ಟಲು, ಚಮಚ ಎಲ್ಲ ಕಾಗದದ್ದು, ಮನೆಯಿಂದ ಕೆಲಸ, ಮಕ್ಕಳಿಗೆ ಆನ್‌ಲೈನ್ ಪಾಠ. ಹೊರಗಿನವರು ಕಾವೇರಿಯೇ ಬತ್ತಿತು ಎಂದುಕೊಂಡರು. ಹಾಗಾಗಿರಲಿಲ್ಲ. ಆಗ ಸರ್ಕಾರ ಕೊಟ್ಟ ಅಂಕಿಯನ್ನು ನಿಧಾನವಾಗಿ ಓದಬೇಕು. ನಗರಕ್ಕೆ ಬೇಕಾದದ್ದು 2,600 ಎಂಎಲ್‌ಡಿ. ಕಾವೇರಿಯಿಂದ 1,450 ಬರುತ್ತಿದೆ. ಕೊಳವೆಬಾವಿಗಳಿಂದ 650. ಕೊರತೆ 500. ಕಾವೇರಿಯ ಅಂಕಿ ಪೂರ್ತಿ ಸಾಮರ್ಥ್ಯದಷ್ಟೇ ಇದೆ. ಹಳೆಯ ಬಡಾವಣೆಗಳಲ್ಲಿ ನಲ್ಲಿ ಎಂದಿನಂತೆ ಓಡುತ್ತಿತ್ತು. ಒಣಗಿದ್ದು ಬೋರು. ನಗರದ 13,900 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತು. ಖಾಸಗಿ ಬೋರುಗಳ ಪಾಡನ್ನು ಟ್ಯಾಂಕರುಗಳ ಸಾಲು ಹೇಳುತ್ತಿತ್ತು. ಮಹದೇವಪುರದಿಂದ ರಾಜರಾಜೇಶ್ವರಿನಗರದವರೆಗೆ ನರಳಿದ್ದು ಬಹುಮಟ್ಟಿಗೆ ಪೈಪು ಇನ್ನೂ ಮುಟ್ಟದ ಹೊರವಲಯ.

ಬೋರ್ ಏಕೆ ಹೀಗೆ ಹಠಾತ್ತನೆ ಕೈಬಿಡುತ್ತದೆ? ಬೆಂಗಳೂರಿನ ಬುಡ ಗಟ್ಟಿ ಕಲ್ಲು. ಲಾಲ್‌ಬಾಗಿನ ಬಂಡೆಯ ಮೇಲೆ ಕೂತವರಿಗೆ ಅದು ಗೊತ್ತು. ಮೇಲಿನ ಕೆಲವು ಮೀಟರ್ ಮಣ್ಣು, ಜೇಡಿ, ಪುಡಿಗಲ್ಲು. ಇದು ಸ್ಪಂಜಿನಂತೆ ಮಳೆನೀರನ್ನು ಹಿಡಿದಿಡುತ್ತದೆ. ಹಳೆಯ ತೆರೆದ ಬಾವಿಗಳು ಬದುಕಿದ್ದು ಈ ಪದರದಿಂದ. ಅದರ ಕೆಳಗೆ ಬಂಡೆ, ಬಂಡೆಯಲ್ಲಿ ಅಲ್ಲಲ್ಲಿ ಬಿರುಕು. ಸಾವಿರ ಅಡಿ ಕೊರೆದಾಗ ‘ನೀರು ಸಿಕ್ಕಿತು’ ಎಂದರೆ ಒಂದು ಬಿರುಕು ಸಿಕ್ಕಿತು ಎಂದರ್ಥ. ಕೊರೆಯುವಾಗ ಮೊದಲು ಬಿಳಿ ಕಲ್ಲುಪುಡಿ ಮೋಡದಂತೆ ಏಳುತ್ತದೆ, ಆಮೇಲೆ ಆ ಪುಡಿ ಒದ್ದೆಯಾಗುತ್ತದೆ, ಕೊನೆಗೆ ಕೆಸರು ಚಿಮ್ಮುತ್ತದೆ, ನೆರೆದವರು ಚಪ್ಪಾಳೆ ತಟ್ಟುತ್ತಾರೆ. ಆ ಬಿರುಕಿಗೆ ಮೇಲಿನಿಂದ ನೀರು ಇಳಿದು ಸೇರುವುದು ಬಹಳ ನಿಧಾನ. ಪಕ್ಕದ ಸೈಟಿನವರೂ ಅದೇ ಬಿರುಕಿಗೆ ಪೈಪ್ ಇಳಿಸಿದರೆ ಇಬ್ಬರದೂ ಒಂದೇ ಲೋಟಕ್ಕೆ ಹಾಕಿದ ಎರಡು ಹುಲ್ಲುಕಡ್ಡಿ. ಸಂಪಿನಲ್ಲಾದರೆ ನೀರು ಇಳಿಯುವುದು ಕಣ್ಣಿಗೆ ಕಾಣುತ್ತದೆ. ಬಿರುಕು ಖಾಲಿಯಾದದ್ದು ಮೋಟಾರ್ ಗಾಳಿ ಎಳೆದಾಗಲಷ್ಟೇ ತಿಳಿಯುತ್ತದೆ.

ಕೋಲು ಮುಟ್ಟದ ಅರ್ಧ ಎಂದದ್ದು ಇದನ್ನೇ. ಕಾವೇರಿಯ ಒಂದೊಂದು ಟಿಎಂಸಿಗೂ ನ್ಯಾಯಮಂಡಳಿ, ಪ್ರಾಧಿಕಾರ, ದಿನದಿನದ ಮಾಪನ. ನೆಲದಡಿಯ ನೀರಿಗೆ ಅನುಮತಿಯ ಕಾನೂನು ಇದೆ, ಆದರೆ ಯಾರು ಎಷ್ಟು ಎತ್ತಿದರು ಎಂಬ ಅಳತೆ ಹತ್ತಿರಹತ್ತಿರ ಇಲ್ಲವೇ ಇಲ್ಲ. ಈ ಅಳೆಯದ ನೀರು ಕಾವೇರಿ ವ್ಯಾಜ್ಯದ ಒಳಗೂ ನುಸುಳಿತ್ತು. ಬೆಂಗಳೂರಿನ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕಣಿವೆಯೊಳಗಿದೆ, ಜೊತೆಗೆ ಕುಡಿಯುವ ನೀರಿನ ಅರ್ಧದಷ್ಟು ಅಂತರ್ಜಲದಿಂದ ಪೂರೈಕೆಯಾದೀತು ಎಂದು ಊಹಿಸಿಕೊಂಡು ನ್ಯಾಯಮಂಡಳಿ ನಗರದ ಪಾಲನ್ನು ಕತ್ತರಿಸಿತ್ತು. 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ಆ ಊಹೆ ತಪ್ಪು ಎಂದಿತು. ಕರ್ನಾಟಕಕ್ಕೆ ಹೆಚ್ಚುವರಿಯಾಗಿ ಕೊಟ್ಟ 14.75 ಟಿಎಂಸಿಯಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. ಬಂಡೆಯ ಬಿರುಕಿನಲ್ಲಿದ್ದ ನೀರನ್ನು ಕಾಗದದ ಮೇಲೆ ನಂಬಿದ್ದು ಅಲ್ಲಿಗೆ ಮುಗಿಯಿತು. ಹೊರವಲಯದಲ್ಲಿ ಮನೆ ಕಟ್ಟುವವರ ಕೊಳಾಯಿಯಲ್ಲಿ ಅದು ಇನ್ನೂ ಮುಗಿದಿಲ್ಲ.

ಹೊಸ ನೀರಿನ ಮಾತು ಬಂದಾಗ ರಾಜಕಾರಣಿಗಳಿಗೆ ನೆನಪಾಗುವುದು ಮೇಕೆದಾಟು. ಒಮ್ಮೊಮ್ಮೆ ಶರಾವತಿ. ಇರುವ ನೀರಿನ ಮಾತು ಅಷ್ಟು ಆಕರ್ಷಕವಲ್ಲ, ಆದರೆ ಅಲ್ಲಿಯೇ ಹೆಚ್ಚು ಸಿಗುವುದು. ಹಳೆಯ ಪೈಪಿನ ಜೋಡಣೆಗಳಲ್ಲಿ ಸೋರಿ, ಕೆಟ್ಟ ಮೀಟರುಗಳಲ್ಲಿ ತಪ್ಪಿ, ಕಳ್ಳ ಸಂಪರ್ಕಗಳಲ್ಲಿ ಹೋಗಿ, ಲೆಕ್ಕಕ್ಕೆ ಸಿಗದೆ ಕಳೆದುಹೋಗುವ ನೀರು ಒಂದು ಕಾಲದಲ್ಲಿ ಪೂರೈಕೆಯ ಅರ್ಧದ ಹತ್ತಿರ ಇತ್ತು. ಈಗ ಇಳಿದಿದೆ, ಆದರೂ ಸಣ್ಣದಲ್ಲ. ಸೋರಿಕೆ ಹುಡುಕುವ ವಿಧಾನ ಸರಳ: ನಗರವನ್ನು ಸಣ್ಣ ಸಣ್ಣ ವಲಯಗಳಾಗಿ ಬೇರ್ಪಡಿಸಿ, ರಾತ್ರಿ ಎರಡು ಗಂಟೆಗೆ ಪ್ರತಿ ವಲಯದ ಬಾಯಲ್ಲಿ ಹರಿವನ್ನು ಅಳೆಯಬೇಕು. ಎಲ್ಲರೂ ಮಲಗಿರುವ ಹೊತ್ತಿನಲ್ಲಿ ಹರಿಯುವ ನೀರಿನಲ್ಲಿ ಬಹುಪಾಲು ಸೋರಿಕೆಯೇ. ದಿನ ಬಿಟ್ಟು ದಿನ ನೀರು ಬಿಡುವ ಊರಿನಲ್ಲಿ ಮಾತ್ರ ಇದು ಕಷ್ಟ. ನಲ್ಲಿಗೆ ನೀರು ಬರುವುದೇ ಆ ಹೊತ್ತಿಗೆ.

ಇನ್ನೊಂದು ಕಡೆಗಣಿಸಿದ ಮೂಲ ಕೊಳಚೆ ನೀರು. ಮನೆಗೆ ಬಂದ ನೀರಿನ ಸುಮಾರು ಶೇ 80 ಚರಂಡಿಗೆ ಹೋಗುತ್ತದೆ ಎಂದು ಎಂಜಿನಿಯರುಗಳು ಹಿಡಿಯುತ್ತಾರೆ. ಐದು ಹಂತಗಳ ಕಾವೇರಿಗೆ ಅದನ್ನು ಅನ್ವಯಿಸಿದರೆ 1,700 ಎಂಎಲ್‌ಡಿಗೂ ಹೆಚ್ಚು. ಬೆಟ್ಟದ ಮೇಲಿನ ಈ ಊರಿಗೆ ಬರದಲ್ಲೂ ಬತ್ತದ ನದಿ ಏನಾದರೂ ಇದ್ದರೆ ಅದು ಇದೇ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ, ಯೋಜನೆಯ ಗುರಿ 440 ಎಂಎಲ್‌ಡಿ. ವರ್ಷಗಟ್ಟಲೆ ಒಣಗಿದ್ದ ಕೆರೆಗಳು ತುಂಬಿದವು, ಸುತ್ತಲಿನ ಬಾವಿಗಳಲ್ಲಿ ನೀರು ಮೇಲೆ ಬಂತು. ಎರಡು ಹಂತದ ಸಂಸ್ಕರಣೆ ಸಾಲದು, ಮೂರನೆಯದೂ ಬೇಕು ಎಂಬ ಆಕ್ಷೇಪವೂ ಅಷ್ಟೇ ಜೋರಾಗಿದೆ, ಮತ್ತು ಅದು ನ್ಯಾಯವಾದದ್ದು: ಕೋಲಾರದವರಿಗೆ ನಾವು ಕುಡಿಯಲು ಒಪ್ಪದ ನೀರನ್ನು ಕೊಟ್ಟು ಉಪಕಾರ ಎನ್ನಬಾರದು. ನಮೀಬಿಯಾದ ವಿಂಡ್‌ಹುಕ್ ನಗರ 1968ರಿಂದಲೇ ಶುದ್ಧೀಕರಿಸಿದ ಕೊಳಚೆ ನೀರನ್ನು ಕುಡಿಯುವ ನೀರಿಗೆ ಬೆರೆಸುತ್ತಿದೆ. ತಂತ್ರಜ್ಞಾನ ಹೊಸದಲ್ಲ. ಹಿಂಜರಿಕೆ ಮನಸ್ಸಿನದು, ಹಣದ್ದು, ನಂಬಿಕೆಯದು.

ಮಳೆಯದ್ದು ಚಿಕ್ಕ ಲೆಕ್ಕ. ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿಲಿಮೀಟರ್. ಮೂವತ್ತು–ನಲವತ್ತರ ಸೈಟು 111 ಚದರ ಮೀಟರ್. ಅದರ ಮೇಲೆ ವರ್ಷಕ್ಕೆ ಒಂದು ಲಕ್ಷ ಲೀಟರ್ ಮೀರಿ ಬೀಳುತ್ತದೆ. ತಾರಸಿಯ ಅಳತೆ, ಮೊದಲ ಮಳೆಯ ಕೊಳೆ, ಹರಿದುಹೋಗುವುದು ಎಲ್ಲ ಕಳೆದು ಎಪ್ಪತ್ತು ಸಾವಿರ ಉಳಿದರೂ ನಾಲ್ವರ ಮನೆಗೆ ನಾಲ್ಕು ತಿಂಗಳು. 2009ರಿಂದ ಮಳೆನೀರು ಕೊಯ್ಲು ಕಾನೂನು. ಎಷ್ಟೋ ಮನೆಗಳಲ್ಲಿ ಅದು ತಪಾಸಣೆಗೆ ಬಂದವರಿಗೆ ತೋರಿಸುವ ಒಂದು ನೀಲಿ ಡ್ರಮ್.

ಕೊನೆಯದು ಕೊರತೆಯ ದಿನಗಳ ಯೋಜನೆ. ಅಮ್ಮನ ಕೋಲಿನ ಗುಟ್ಟು ಇರುವುದು ಇಲ್ಲಿಯೇ. ಆ ಗೆರೆಗಳನ್ನು ಎಳೆದದ್ದು ಸಂಪು ತುಂಬಿದ್ದ ದಿನ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಮೂರು ವರ್ಷ ಸತತ ಬರ ಬಿದ್ದಾಗ ನಿರ್ಬಂಧಗಳನ್ನು ಹಂತಹಂತವಾಗಿ ಬಿಗಿಗೊಳಿಸಿದರು. 2018ರ ಫೆಬ್ರುವರಿ 1ರಿಂದ ಒಬ್ಬರಿಗೆ ದಿನಕ್ಕೆ 50 ಲೀಟರ್. ಜಲಾಶಯಗಳ ಮಟ್ಟ ಶೇ 13.5ಕ್ಕೆ ಇಳಿದರೆ ನಲ್ಲಿ ಬಂದ್, ಸರದಿಯಲ್ಲಿ ನಿಂತು ನೀರು ಒಯ್ಯಬೇಕು ಎಂದು ಮೊದಲೇ ಸಾರಿದ್ದರು. ಆ ಗೆರೆ ಮುಟ್ಟುವ ಮೊದಲೇ ಜನ ಬಳಕೆಯನ್ನು ಅರ್ಧಕ್ಕಿಂತ ಕೆಳಗಿಳಿಸಿದರು, ಮಳೆಯೂ ಬಂತು. ಬೆಂಗಳೂರಿನಲ್ಲಿ ಕಾರು ತೊಳೆದರೆ, ಗಿಡಕ್ಕೆ ಕುಡಿಯುವ ನೀರು ಹಾಕಿದರೆ 5,000 ರೂಪಾಯಿ ದಂಡ ಎಂಬ ಆದೇಶ ಬಂದದ್ದು 2024ರ ಮಾರ್ಚ್‌ನಲ್ಲಿ, ಬೋರುಗಳು ಬತ್ತಿದ ಮೇಲೆ. ಟ್ಯಾಂಕರ್ ದರಕ್ಕೆ ಮಿತಿ ಹಾಕಿದ್ದೂ ಆಗಲೇ: ಐದು ಕಿಲೋಮೀಟರ್ ಒಳಗೆ 12,000 ಲೀಟರಿಗೆ 1,000 ರೂಪಾಯಿ. ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸುವ ಏರಿಯೇಟರ್ ನಲ್ಲಿಗೆ ಕಡ್ಡಾಯವಾದದ್ದೂ ಆಗಲೇ. ಆದೇಶಗಳು ತಪ್ಪಾಗಿರಲಿಲ್ಲ. ಹಿಂದಿನ ಅಕ್ಟೋಬರ್‌ನಲ್ಲಿ, ಮುಂಗಾರಿನ ಲೆಕ್ಕ ಗೊತ್ತಾದ ಕೂಡಲೇ, ಅಂತರ್ಜಲ ಇಷ್ಟು ಅಡಿಗೆ ಇಳಿದರೆ ಇಂಥದ್ದನ್ನು ನಿಲ್ಲಿಸುತ್ತೇವೆ ಎಂದು ಬರೆದಿಟ್ಟಿದ್ದರೆ ಐದು ತಿಂಗಳು ಸಿಗುತ್ತಿತ್ತು. ಅದಕ್ಕೆ ಅಂತರ್ಜಲದ ಮಟ್ಟವನ್ನು ಬಡಾವಣೆ ಬಡಾವಣೆಗೆ ಅಳೆಯುತ್ತಿರಬೇಕಿತ್ತು.

ಐದನೇ ಹಂತದ ನೀರು ಬಂದ ಬೆನ್ನಿಗೇ ಆರನೆಯದರ ಮಾತು ಶುರುವಾಗಿದೆ. ನನ್ನ ತಂಗಿಯ ಮನೆ ಇರುವುದು ಆ 110 ಹಳ್ಳಿಗಳ ಪೈಕಿ ಒಂದರಲ್ಲಿ. ಹೋದ ವರ್ಷ ಅವರ ಬೀದಿಗೂ ಕಾವೇರಿ ಬಂತು. ಮೊದಲ ದಿನ ನಲ್ಲಿಗೆ ಅರಿಸಿನ ಕುಂಕುಮ ಹಚ್ಚಿ ಫೋಟೊ ಕಳಿಸಿದ್ದಳು. ಮೊನ್ನೆ ಹೋದಾಗ ನೋಡಿದೆ, ಗೇಟಿನ ಪಕ್ಕ ಎರಡು ಪೈಪು ಒಟ್ಟಿಗೆ ಬಂದು ಒಂದೇ ಸಂಪಿಗೆ ಇಳಿಯುತ್ತವೆ. ಒಂದು ಕಾವೇರಿಯದು, ಇನ್ನೊಂದು ಹನ್ನೆರಡು ನೂರು ಅಡಿಯ ಹಳೆಯ ಬೋರಿನದು. “ಬೋರ್ ತೆಗೆಸಲಿಲ್ಲವೇ?” ಎಂದೆ. “ಇರಲಿ ಅಣ್ಣ, ನೀರು ಬಿಡದ ದಿನ ಬೇಕಾಗುತ್ತದೆ” ಎಂದಳು. ಮೀಟರ್ ಇದ್ದದ್ದು ಕಾವೇರಿ ಪೈಪಿಗೆ ಮಾತ್ರ.